ಆರು ಅಂಗಡಿ, ಒಂದು ಪೈಪ್

ಸುದ್ದಿಮನೆಯ ನೆಲ ಒರೆಸುತ್ತಿದ್ದವರ ಫಿನಾಯಿಲ್ ವಾಸನೆ ಮೂಗಿಗೆ ಬಡಿದಾಗ ನಾನು ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯದ ತೀರ್ಪೊಂದನ್ನು ಓದುತ್ತಿದ್ದೆ. ಗ್ರಾಹಕರು ವಿಮಾ ಕಂಪನಿಯ ಮೇಲೆ ಒಟ್ಟಾಗಿ ದಾವೆ ಹೂಡುವಂತಿಲ್ಲ, ಪಾಲಿಸಿಯಲ್ಲಿ ಬರೆದಿರುವಂತೆ ಒಬ್ಬೊಬ್ಬರೇ ಮಧ್ಯಸ್ಥಗಾರರ ಮುಂದೆ ಹೋಗಬೇಕು ಎಂದಿತ್ತು. ವಾಸನೆ, ತೀರ್ಪು ಎರಡೂ ಸೇರಿ ಲಂಡನ್ನಿನ ಹ್ಯಾರೋದ ಅಂಗಡಿ ಆಂಟಿಯನ್ನು ನೆನಪಿಗೆ ತಂದವು.

ಮೈಸೂರಿನವರು. ಗಂಡ ಹೋದ ಮೇಲೆ ದಿನಸಿ ಅಂಗಡಿಯನ್ನು ಒಬ್ಬರೇ ನಡೆಸುತ್ತಿದ್ದರು. ಆ ಸಾಲಿನ ಆರು ಅಂಗಡಿಗಳಿಗೂ ನೆಲಮಾಳಿಗೆ ಒಂದೇ. ಒಂದು ಗುರುವಾರ ಅಲ್ಲಿ ಪೈಪ್ ಒಡೆದು ಎಲ್ಲರ ಸರಕೂ ನೆನೆಯಿತು. ಉಳಿದ ಐವರು ಫೋಟೊ ತೆಗೆದು, ಇದ್ದದ್ದನ್ನು ಇದ್ದಂತೆಯೇ ಬಿಟ್ಟು ವಿಮೆಯ ಸರ್ವೇಯರ್‌ಗಾಗಿ ಕಾದರು. ಆಂಟಿಗೆ ಮರುದಿನ ವರಮಹಾಲಕ್ಷ್ಮಿ ಹಬ್ಬ. ನಾರುವ ಅಕ್ಕಿ ಮೂಟೆಗಳ ನಡುವೆ ಕಳಶ ಇಡುವುದುಂಟೇ? ಬೆಳಗಾಗುತ್ತಲೇ ಎಲ್ಲವನ್ನೂ ಕಸಕ್ಕೆ ಹಾಕಿಸಿ, ಫಿನಾಯಿಲ್ ಸುರಿದು ಉಜ್ಜಿ, ರಂಗೋಲಿ ಬಿಟ್ಟರು. ಸೋಮವಾರ ಬಂದ ಸರ್ವೇಯರ್ ಹೊಳೆಯುವ ನೆಲ ನೋಡಿಕೊಂಡು ಹೋದ.

ಕಂಪನಿ ಆರೂ ಜನರಿಗೆ ಒಂದೇ ಕಾಗದ ಕಳಿಸಿತು: ಇದು ಬಹುಕಾಲದ ಸೋರಿಕೆ, ಪರಿಹಾರವಿಲ್ಲ. ಒಟ್ಟಿಗೆ ಹೋಗೋಣವೆಂದು ಕಾಯುವುದರಲ್ಲೇ, ಗ್ರಾಹಕರ ದೂರು ಕೇಳುವ ಓಂಬುಡ್ಸ್‌ಮನ್‌ಗೆ ಬರೆಯುವ ಗಡುವು ಕಳೆಯಿತು. ಆಮೇಲೆ ಯಾರೋ ಪಾಲಿಸಿಯ ಕೊನೆಯ ಪುಟ ಓದಿದರು. ಒಬ್ಬೊಬ್ಬರೇ ಮಧ್ಯಸ್ಥಗಾರರ ಮುಂದೆ, ಮುಚ್ಚಿದ ಕೋಣೆಯಲ್ಲಿ. ಒಬ್ಬರ ವಿಚಾರಣೆಯಲ್ಲಿ ನಡೆದದ್ದು ಇನ್ನೊಬ್ಬರಿಗೆ ತಿಳಿಯುವಂತಿಲ್ಲ.

"ಒಂದೇ ಪೈಪ್ ಕಣೇ! ಅದು ಆರು ಸಲ ಒಡೀತೇನೇ?" ಆಂಟಿ ಗಲ್ಲಾದ ಹಿಂದಿನಿಂದಲೇ ರೇಗಿದರು.

"ನೀವೇ ಸೈನ್ ಹಾಕಿದೀರಲ್ಲ ಆಂಟಿ."

"ಹಾಕ್ದೆ. ಅಷ್ಟು ಪುಟ ಓದ್ತಾ ಕೂತಿದ್ರೆ ನಿಂಗೆ ಕರಿಬೇವು ಯಾರು ಕೊಡ್ತಿದ್ರು, ನಿಮ್ಮ ಎಡಿಟರ್ರಾ?"

ನಾನು ನಕ್ಕೆ. ಅವರು ನಗಲಿಲ್ಲ.

"ನನ್ ಇಂಗ್ಲಿಷು ಅಂಗಡಿಗೆ ಸಾಕು, ಅಲ್ಲಿಗೆ ಸಾಲಲ್ಲ. ನೀನು ಸುಮ್ನೆ ಪಕ್ಕದಲ್ಲಿ ಕೂತಿರು. ಸೋತ್ರೆ ಬಾಗಿಲು ಹಾಕ್ಬೇಕಷ್ಟೆ."

ನಾನು ಕೋರ್ಟ್ ವರದಿಗಾರ್ತಿ, ಯಾವ ಕಡೆಯೂ ಕೂರುವಂತಿಲ್ಲ ಎಂದೆ. ನಿಯಮ ಸರಿಯಾಗಿಯೇ ಇತ್ತು... ಆಂಟಿ ವಾದ ಬೆಳೆಸಲಿಲ್ಲ. "ಹೋಗಮ್ಮ, ನಿಂಗೆ ಟ್ಯೂಬ್ ಟ್ರೇನ್ ತಪ್ಪತ್ತೆ" ಎಂದರು.

ಅವರು ಒಬ್ಬರೇ ಹೋದರು. ಹಾನಿಯಾದ ಸರಕು ಎಲ್ಲಿ ಎಂದು ಮಧ್ಯಸ್ಥಗಾರ ಕೇಳಿದಾಗ, ಹಬ್ಬ ಇತ್ತು ಎಂದರಂತೆ. ಪಕ್ಕದ ಅಂಗಡಿಯವನ ಬಳಿ ಒಡೆದ ಪೈಪಿನ ಫೋಟೊ ಇತ್ತು. ಯಾರಿಗೂ ಕೊಡಬೇಡ ಎಂದು ಅವನ ವಕೀಲ ಹೇಳಿದ್ದ. ಅದೇ ಫೋಟೊ ತೋರಿಸಿ ಅವನು ಗೆದ್ದನೆಂದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ. ಅಷ್ಟರಲ್ಲಿ ಆಂಟಿ ಸೋತು, ಅಂಗಡಿ ಮುಚ್ಚಿ, ಲೆಸ್ಟರ್‌ನ ಮಗಳ ಮನೆಗೆ ಹೋಗಿಯಾಗಿತ್ತು. ಇವತ್ತು ನಾಳೆ ಎಂದು ನಾನು ಫೋನ್ ಮಾಡಲೇ ಇಲ್ಲ... ಹೋದ ವರ್ಷ ತೀರಿಕೊಂಡರು.

ಇವತ್ತಿನ ವರದಿಯನ್ನು ಹೊತ್ತಿಗೆ ಸರಿಯಾಗಿ ಕಳಿಸಿದೆ. ಪ್ರತಿಯೊಬ್ಬ ಗ್ರಾಹಕರಿಗೂ ತಮ್ಮ ವಾದ ಪ್ರತ್ಯೇಕವಾಗಿ ಮಂಡಿಸುವ ಪೂರ್ಣ ಅವಕಾಶವಿದೆ ಎಂಬ ಕಂಪನಿಯ ಹೇಳಿಕೆಯನ್ನೂ ಸೇರಿಸಿದೆ, ಸೇರಿಸಲೇಬೇಕು. ಆದರೆ ಆ ಸಾಲನ್ನು ಟೈಪ್ ಮಾಡುವಾಗ ಸಿಟ್ಟು ನೆತ್ತಿಗೇರಿತ್ತು. ಅರ್ಧ ಸಿಟ್ಟು ಕಂಪನಿಯ ಮೇಲೆ. ಆಂಟಿಯ ವಿಚಾರಣೆ ನಡೆದ ದಿನ ನನಗೆ ರಜೆ ಇತ್ತು.