ತಿರಕಪ್ಪನ ಗಂಟಲು ಮತ್ತು ಹಡಗಿನಿಂದಿಳಿದ ಮಾತು

ರಾಣೇಬೆನ್ನೂರಿನ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಹಲಗೇರಿಯ ತಿರಕಪ್ಪ ಲಿಲಾವು ಕೂಗಲು ನಿಂತರೆ, ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಡಗಿ ಬಸ್ಸಿಗೆ ಕಾಯುತ್ತಿದ್ದವರಿಗೂ ಅವತ್ತಿನ ಟೊಮೇಟೊ ದರ ಗೊತ್ತಾಗುತ್ತಿತ್ತು. ರೈತರು ಇಳಿಸಿದ ಮಾಲು ತೋರಿಸಿ, ದರ ಏರಿಸಿ, "ಒಂದ್ ಸಾರಿ, ಎರಡ್ ಸಾರಿ, ಮೂರ್ ಸಾರಿ" ಎಂದು ಹರಾಜು ಮುಗಿಸುವುದು ಅವನ ಉದ್ಯೋಗ. ಮೈಕು ಕೊಡಿಸುತ್ತೇವೆಂದು ದಲಾಲರು ಒಮ್ಮೆ ಬಾಯಿ ಜಾರಿ ಅಂದದ್ದಕ್ಕೆ ವಾರಗಟ್ಟಲೆ ಮುನಿಸಿಕೊಂಡಿದ್ದ. ಮನೆಯಲ್ಲೂ ಅವನಿಗೆ ಬೇರೆ ದನಿ ಇರಲಿಲ್ಲ. ಅವನು ಚಾ ಕೇಳಿದರೆ ಪಕ್ಕದ ಮನೆಯವರೂ ಒಲೆ ಹಚ್ಚುತ್ತಿದ್ದರು.

ಆ ಗಂಟಲಲ್ಲೇ ಗಂಟು ಎದ್ದಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಇನ್ನು ಚೀರುವಂತಿಲ್ಲ, ಚೀರಿದರೆ ಇರುವ ದನಿಯೂ ಹೋದೀತು, ಮೆತ್ತಗೆ ಮಾತಾಡುವುದನ್ನು ರೂಢಿ ಮಾಡಿಕೊಳ್ಳಿ ಅಂದರು ಡಾಕ್ಟರು. ಐವತ್ತು ದಾಟಿದ ತಿರಕಪ್ಪನಿಗೆ ಇದು ಎಡಗೈಯಿಂದ ಉಣ್ಣು ಅಂದ ಹಾಗಾಯಿತು. ಕೂಗಲಾರದ ತಿರಕಪ್ಪ ಅಂದರೆ ಯಾರು? ಅಂಥವನನ್ನು ಅವನೇ ಇದುವರೆಗೆ ಭೇಟಿಯಾಗಿರಲಿಲ್ಲ.

ಪಣಜಿಯಲ್ಲಿ ನರ್ಸ್ ಆಗಿದ್ದ ಅಕ್ಕನ ಮಗಳು ಭುವನಾ, ಹವಾ ಬದಲಾಗಲಿ ಎಂದು ಅವನನ್ನು ಕರೆದೊಯ್ದಳು. ಸಮುದ್ರ ಹಿಡಿಸಿತು. ಎಷ್ಟು ಕೂಗಿದರೂ ಗಂಟಲು ಕಟ್ಟದ ಅದನ್ನು ನೋಡಿ ತುಸು ಹೊಟ್ಟೆಕಿಚ್ಚೂ ಆಯಿತು. ಆದರೆ ಒಂದು ಮುಂಜಾನೆ ಅಲ್ಲಿನ ಬದನೆಕಾಯಿ ದರ ಕೇಳಿ ತಡೆಯಲಾರದೆ ಚೀರಿಯೇಬಿಟ್ಟ. ಎರಡು ದಿನ ದನಿಯೇ ಹೊರಡಲಿಲ್ಲ. ಭುವನಾ ಓಣಿಯ ತುದಿಯಲ್ಲಿದ್ದ ಪೋರ್ಚುಗೀಸ್ ಭಾಷಾಶಾಲೆಯಲ್ಲಿ ಅವನ ಹೆಸರು ಹಚ್ಚಿ ಬಂದಳು.

"ಮಾವಾ, ಬರಲಾರದ ಭಾಷಾದಾಗ ಯಾರೂ ಚೀರಂಗಿಲ್ಲ. ಬಾಯಿ ತಾನ ಮೆತ್ತಗ ಆಗ್ತದ."

"ಮತ್ತ ಆ ಭಾಷಾ ಬಂದಬಿಟ್ರ?" ಪಿಸುಗುಟ್ಟಿದ ತಿರಕಪ್ಪ.

"ಆ ಹೆದರಿಕಿ ನನಗಿಲ್ಲ ಬಿಡು."

ಶಾಲೆಯ ಟೀಚರು ಎರ್ಮೆಲಿಂದಾ, ಎಪ್ಪತ್ತರ ಹತ್ತಿರದ ಅಜ್ಜಿ. ಕೊಂಕಣಿಗೆ ಹಿಂದಿ ಕಲಸಿ ಪಾಠ ಹೇಳುತ್ತಿದ್ದರು. ಕಾಲೇಜು ಹುಡುಗರ ನಡುವೆ ಕೂತ ತಿರಕಪ್ಪನಿಗೆ ಅಕ್ಷರಕ್ಕಿಂತ ಮರ್ಯಾದೆಯೇ ತೊಡಕಾಯಿತು. ಅಷ್ಟು ಹಿರಿಯರಿಗೆ ನಮಸ್ಕಾರ ಎನ್ನಲು ಬೋಳು ಬೋಳಾಗಿ "ಬೊಂ ದಿಯಾ" ಅನ್ನುವುದು ಹೇಗೆ? "ಬೊಂ ದಿಯಾರಿ" ಅಂದ. ಪಾಠ ಮುಗಿದ ಮೇಲೆ ಉಪಕಾರ ಹೇಳಲು "ಒಬ್ರಿಗಾದುರಿ" ಅಂದ. ತಿದ್ದಿದರು, ಮರುದಿನ ಮತ್ತೆ 'ರಿ' ಬಂತು. ಇದೇನು ಎಂದು ಅವರು ಕೇಳಿದಾಗ, ನಮ್ಮ ಕಡೆ ಹಿರಿಯರ ಮುಂದೆ ಮಾತಿಗೂ ತಲೆಗೆ ರುಮಾಲು ಬೇಕು ಎಂದು ಕೈಸನ್ನೆಯಲ್ಲಿ ವಿವರಿಸಿದ. ಅಜ್ಜಿ ಕುರ್ಚಿ ಹಿಡಿದುಕೊಂಡು ನಕ್ಕರು. ಪೋರ್ಚುಗೀಸಿನಲ್ಲಿ 'ರಿ' ಅಂದರೆ 'ನಗು' ಎಂದೇ ಅರ್ಥವಂತೆ. ಇಷ್ಟು ದಿನ ತಿರಕಪ್ಪ ಅವರಿಗೆ ನಮಸ್ಕಾರ ಹೇಳಿ, ನಗು ಎಂದು ಅಪ್ಪಣೆಯನ್ನೂ ಕೊಡುತ್ತಿದ್ದ. ಆಮೇಲೆ ಅವರು ತಿದ್ದಲಿಲ್ಲ.

ಒಂದು ದಿನ ಚಿತ್ರದಲ್ಲಿ ಆಲೂಗಡ್ಡೆ ತೋರಿಸಿ "ಬತಾತಾ" ಅಂದರು. ತಿರಕಪ್ಪ ಬೆಚ್ಚಿಬಿದ್ದ. ಇದು ತಮ್ಮ ಬಟಾಟಿ! ಆಮೇಲೆ ಮೇಜು, ಚಾವಿ, ಪಗಾರ ಎಲ್ಲ ಒಂದೊಂದಾಗಿ ವೇಷ ಬದಲಿಸಿಕೊಂಡು ಬಂದು ಎದುರಿಗೆ ನಿಂತವು. ಕೊನೆಗೆ ಒಣಮೆಣಸಿನಕಾಯಿ. ಈ ಮಾತುಗಳ ಹಾಗೆ ಇದರ ಬೀಜವೂ ಪೋರ್ಚುಗೀಸರ ಹಡಗಿನಲ್ಲೇ ಬಂದದ್ದು ಅಂದರು ಟೀಚರು. ಇದನ್ನು ಬ್ಯಾಡಗಿಯಲ್ಲಿ ಮಾತ್ರ ಹೇಳಬೇಡಿ ಎಂದು ಅವನು ಕೈಮುಗಿದ.

ಸಂಜೆ ಹೆಂಡತಿ ಸೋಮವ್ವನಿಗೆ ಫೋನಿನಲ್ಲಿ ಎಲ್ಲ ವರದಿ ಒಪ್ಪಿಸಿದ.

"ಎಲ್ಲಾ ಅವರದ ಆದ್ರ, ನಮ್ಮದು ಅಂತ ಏನ್ ಉಳೀತು?" ಅಂದಳು ಸೋಮವ್ವ.

ಮಾರ್ಕೆಟ್ಟಿನ ಒಂದೊಂದೇ ಬುಟ್ಟಿ ನೆನಪಿಸಿಕೊಂಡು, "ಬದನಿಕಾಯಿ" ಅಂದ.

ಕೊನೆಯ ಪಾಠಕ್ಕೆ ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಕೆಲಸದ ಬಗ್ಗೆ ಮಾತಾಡಬೇಕಿತ್ತು. ಬದನೆಕಾಯಿ ದರಕ್ಕೆ ಚೀರಿದ ದಿನದಿಂದ ತಿರಕಪ್ಪ ಕೂಗಿರಲಿಲ್ಲ. ಕೂಗಲು ಹೋಗಿ ದನಿ ಬಾರದಿದ್ದರೆ ಎಂಬ ಭಯಕ್ಕೆ ಸ್ನಾನದಮನೆಯಲ್ಲೂ ಪ್ರಯತ್ನಿಸಿರಲಿಲ್ಲ. ಹಿಂದಿನ ದಿನ ಟೀಚರನ್ನು ಒಬ್ಬರೇ ಇದ್ದಾಗ ಹಿಡಿದು, ತನ್ನ ಕೆಲಸಕ್ಕೆ ಪೋರ್ಚುಗೀಸಿನಲ್ಲಿ ಏನನ್ನುತ್ತಾರೆ ಎಂದು ಕೇಳಿದ. ಸನ್ನೆ ಮಾಡಿ ತೋರಿಸಿದ.

"ಲೈಲಾಂವ್," ಅಂದರು ಅಜ್ಜಿ.

ಅವನಿಗೆ ಕೇಳಿಸಿದ್ದು ಲಿಲಾವು. ಮಾಲು ಬಿಟ್ಟುಕೊಡುವಾಗ ಪೋರ್ಚುಗೀಸರಲ್ಲೂ ಕೂಗುವವನು ಒಂದು, ಎರಡು, ಮೂರು ಎಂದು ಎಣಿಸುತ್ತಾನೆ ಎಂದೂ ಹೇಳಿದರು: ಊಮಾ, ದೂವಶ್, ತ್ರೇಶ್.

ತಿರಕಪ್ಪ ಸಮುದ್ರದ ದಂಡೆಗೆ ಹೋಗಿ ಕೂತ. ಯಾವನೋ ಒಬ್ಬ ಪುಣ್ಯಾತ್ಮ ಈ ನೀರಿನ ಅಂಚಿನಲ್ಲಿ ನಿಂತು ಆ ಮಾತು ಕೂಗಿರಬೇಕು. ಕೇಳಿದವನು ಇನ್ನೊಂದು ಊರಿನಲ್ಲಿ ಕೂಗಿರಬೇಕು. ಗಂಟಲಿಂದ ಗಂಟಲಿಗೆ ದಾಟುತ್ತ, ಎತ್ತಿನ ಗಾಡಿಯ ಸಂಗಡ ಘಟ್ಟ ಹತ್ತಿ, ನೂರಾರು ವರ್ಷ ನಡೆದು, ಆ ಮಾತು ಹಲಗೇರಿಯ ತನ್ನ ಗಂಟಲಿಗೆ ಬಂದು ಇಳಿದಿತ್ತು. ಅದರಲ್ಲಿ ಎಷ್ಟು ಗಂಟಲಿಗೆ ಗಂಟು ಎದ್ದಿತ್ತೋ! ಮಾತು ಮಾತ್ರ ನಿಂತಿರಲಿಲ್ಲ. ಮೊದಲ ಸಲ ತನ್ನ ಗಂಟಲು ತನ್ನೊಬ್ಬನದಲ್ಲ ಅನ್ನಿಸಿತು.

ಮರುದಿನ ಟೀಚರ ಕೊಡೆ ಎತ್ತಿ ಹಿಡಿದು, "ಲೈಲಾಂವ್‌ರಿ" ಅಂದ. ದನಿ ಬಂತು. ಹಳೆಯ ದನಿಯಲ್ಲ, ಒಣಗಿದ ಜೋಳದ ಎಲೆ ಸರಿದಾಡಿದ ಹಾಗೆ, ಸಣ್ಣದು. ಹುಡುಗರು ಕೇಳಿಸಿಕೊಳ್ಳಲು ಬೆಂಚು ಬಿಟ್ಟು ಮುಂದೆ ಬಂದರು. ದರ ಏರಿತು. "ಊಮಾ, ದೂವಶ್..." ಅಂದಾಗ ಇಡೀ ಕೋಣೆ ಉಸಿರು ಹಿಡಿದಿತ್ತು. "ತ್ರೇಶ್" ಆದ ಮೇಲೆ ಕೊಡೆಯನ್ನು ಕೊಂಡವರು ಕೊಡೆಯ ಒಡತಿಯೇ.

ಮುಂದಿನ ವಾರ ರಾಣೇಬೆನ್ನೂರಿನಲ್ಲಿ ಅವನು ಬಟಾಟಿ ಚೀಲಗಳ ನಡುವೆ ನಿಂತಾಗ ಸೋಮವ್ವನ ಬಾಯಿಂದ ಪಣಜಿಯ ಸುದ್ದಿ ಕೇಳಿದ್ದ ವ್ಯಾಪಾರಿ ಶಮಶೇರಸಾಬ ಹಿಂದಿನಿಂದ ಕಾಲೆಳೆದ. "ಹಡಗಿನ್ಯಾಗ ಬಂದಿಯೋ, ಬಸ್ಸಿನ್ಯಾಗ ಬಂದಿಯೋ?"

ತಿರಕಪ್ಪ ನಕ್ಕು ಲಿಲಾವು ಶುರು ಮಾಡಿದ. ಚೀರಲಿಲ್ಲ.

"ಏನೂ ಕೇಳಸವಲ್ದಲ್ಲೋ."

"ಹಂಗಾರ ಸಮೀಪ ಬರ್ರಿ."

ಒಬ್ಬೊಬ್ಬರಾಗಿ ಬಂದರು. ಗೊಣಗುತ್ತ ಶಮಶೇರಸಾಬನೂ ಬಂದ. ಬಸ್‌ಸ್ಟ್ಯಾಂಡಿಗೆ ಅವತ್ತು ದರ ತಿಳಿಯಲಿಲ್ಲ; ಆದರೆ ತಿರಕಪ್ಪನ ಸುತ್ತ ಜನ ಹೆಗಲಿಗೆ ಹೆಗಲು ತಾಗಿಸಿ ನಿಂತು, ಕಿವಿಗೊಟ್ಟು ಕೇಳಿದರು. ಮೂರನೇ ಸಾರಿಗೆ ಮಾಲು ಶಮಶೇರಸಾಬನ ಪಾಲಾಯಿತು.

"ಒಬ್ರಿಗಾದುರಿ," ಅಂದ ತಿರಕಪ್ಪ.

"ಅಂದ್ರ?"

"ಉಪಕಾರ ಆತು, ಈಗರ ನಗ್ರಿ ಅಂತ."