ಮೇಲಿನ ಆಸ್ಪತ್ರೆ

ಭಟ್ಕಳದಿಂದ ಕುಮಟೆಯವರೆಗಿನ ನಮ್ಮ ಜನಕ್ಕೊಂದು ವಿಚಿತ್ರ ಅಭ್ಯಾಸವಿದೆ, ನೀವೂ ಗಮನಿಸಿರಬಹುದು: ಯಾರಿಗಾದರೂ ಕಾಯಿಲೆಯೆಂದು ಕಿವಿಗೆ ಬಿದ್ದರೆ ಸಾಕು, ಏನು ಕಾಯಿಲೆ ಎಂದು ವಿಚಾರಿಸುವ ಮೊದಲೇ ಎಲ್ಲಿಗೆ ಬರೆದುಕೊಟ್ಟರು ಎಂದು ಕೇಳುತ್ತೇವೆ. ಉಡುಪಿ ಕಡೆಗೆ ಎಂದರೆ ಗಂಭೀರ, ಮಂಗಳೂರಿಗೆ ಎಂದರೆ ಅತಿ ಗಂಭೀರ, ಎಲ್ಲಿಗೂ ಇಲ್ಲವೆಂದರೆ ರೋಗಿಗೇ ತುಸು ಅವಮಾನ. ಹೊನ್ನಾವರದಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದ ನನ್ನಂಥವನನ್ನೂ ಒಮ್ಮೆ ಹೊಟ್ಟೆನೋವಿಗೆ ಮಜ್ಜಿಗೆ ಕುಡಿಯಿರೆಂದು ಹೇಳಿ ಕಳುಹಿಸಿದಾಗ, ಪ್ರಾಣ ಉಳಿದ ಸಂತೋಷಕ್ಕಿಂತ ಪ್ರತಿಷ್ಠೆ ಹೋದ ಬೇಸರವೇ ಹೆಚ್ಚಾಗಿತ್ತು.

ಈ ವ್ಯವಸ್ಥೆಯ ಒಳಮರ್ಮವನ್ನು ನನಗೆ ಬೋಧಿಸಿದವರು ಹಿರೇಗುತ್ತಿಯ ಭಾವ, ಅಂದರೆ ನನ್ನ ಅಕ್ಕನ ಗಂಡ. ಆರೋಗ್ಯ ಇಲಾಖೆಯಲ್ಲಿ ನಿರೀಕ್ಷಕರಾಗಿದ್ದು ನಿವೃತ್ತರಾದವರು. ಉಪಕೇಂದ್ರ, ಅದರ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಮೇಲೆ ತಾಲೂಕು ಆಸ್ಪತ್ರೆ, ಅದಕ್ಕೂ ಮೇಲೆ ಕಾರವಾರದ ಜಿಲ್ಲಾ ಆಸ್ಪತ್ರೆ ಎಂದು ಅವರು ವರ್ಣಿಸುತ್ತಿದ್ದರೆ ಸ್ವರ್ಗಾರೋಹಣದ ಕಥೆ ಕೇಳಿದಂತಾಗುತ್ತಿತ್ತು. ನೆಂಟರಲ್ಲಿ ಯಾರಾದರೂ ಕೆಳಗಿನ ಮೆಟ್ಟಿಲು ಹಾರಿ ನೇರ ದೊಡ್ಡಾಸ್ಪತ್ರೆಗೆ ಓಡಿದರೆ, ಅವರ ಮನೆಯ ಊಟಕ್ಕೂ ಹೋಗದಷ್ಟು ಮುನಿಸು ಈ ಮಹಾಶಯರಿಗೆ.

ಕಳೆದ ವರ್ಷ ನಾನು ಅವರಲ್ಲಿ ಉಳಿದಿದ್ದಾಗ, ಬೆಳಗಿನ ದೋಸೆ ಹೊಯ್ಯುತ್ತಿದ್ದ ಅಕ್ಕ ಎದೆ ಹಿಡಿದು ಕುಳಿತುಬಿಟ್ಟಳು. ಪಕ್ಕದ ಮನೆಯ ಗಣಪತಿ ಕಾರು ತಂದು ನಿಲ್ಲಿಸಿ, ಸೀದಾ ಕಾರವಾರಕ್ಕೇ ಹೋಗಿಬಿಡೋಣ ಎಂದ. ಹಿರೇಗುತ್ತಿಗೆ ಕುಮಟೆ ದಕ್ಷಿಣ, ಕಾರವಾರ ಉತ್ತರ. ಭಾವ ಸುತರಾಂ ಒಪ್ಪಲಿಲ್ಲ. ಕ್ರಮವೆಂದರೆ ಕ್ರಮ, ಮೊದಲು ಊರಿನ ಕೇಂದ್ರ, ಆಮೇಲೆ ಕುಮಟೆ. ಎರಡೂ ಕಡೆ ಒಳ್ಳೆಯ ಜನ, ತಮ್ಮ ಕೈಲಾದದ್ದನ್ನು ತಡಮಾಡದೆ ಮಾಡಿದರು, ಮಾಡಿ ಕಾರವಾರಕ್ಕೆ ಬರೆದುಕೊಟ್ಟರು. ಯಾರ ಮೇಲೆ ಸಿಟ್ಟು ಮಾಡಲಿ, ನೀವೇ ಹೇಳಿ.

ಆಂಬುಲೆನ್ಸು ನಾವು ಬಂದ ದಾರಿಯಲ್ಲೇ ತಿರುಗಿ ಹೊರಟಿತು. ಹೆದ್ದಾರಿಯ ಅಂಚಿನಲ್ಲಿರುವ ಅಕ್ಕನ ಮನೆ ಮತ್ತೆ ಎದುರಾಯಿತು. ಅಕ್ಕ ಮಲಗಿದಲ್ಲಿಂದಲೇ ಕಿಟಕಿಯ ಕಡೆ ತಲೆ ಹೊರಳಿಸಿದಳು.

"ನಮ್ಮನೆ ಬಂತಲ್ಲ. ಇಲ್ಲೇ ಇಳ್ಸಿ, ನಂಗೆ ಸಾಕಾತು."

"ಸುಮ್ನಿರೇ, ಮೇಲಿನ ಆಸ್ಪತ್ರೆಗೆ ಬರ್ದಿದಾರೆ," ಎಂದು ಭಾವ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಗಂಗಾವಳಿ ಸೇತುವೆ ಬರುವ ಮುಂಚೆಯೇ ಅಕ್ಕ ಹೋದಳು.

ನಮ್ಮ ಜಿಲ್ಲೆಯ ಆರೋಗ್ಯ ವ್ಯವಸ್ಥೆಯನ್ನು ಕಾಗದದಲ್ಲಿ ಬರೆದರೆ ಅಂಗೈಯಗಲ. ನೆಲದ ಮೇಲೆ ಹಾಸಿದರೆ ಒಂದು ಆಯುಸ್ಸು ಸಾಲದಷ್ಟು ಉದ್ದ. ಗಣಪತಿಯ ಮಾತು ಕೇಳಿದ್ದರೆ ಅವಳು ಬದುಕುತ್ತಿದ್ದಳೋ ಇಲ್ಲವೋ, ಯಾರು ಬಲ್ಲರು? ಇದೆಲ್ಲ ಒಂದು ದಿನ ಸರಿಹೋದೀತೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುವ ಆಸೆ ನನಗೂ ಇದೆ, ಆದರೆ ನಂಬಿಕೆ ಉಳಿದಿಲ್ಲ. ಊರೂರಿಗೆ ದಾರಿ ತೋರಿಸುತ್ತಿದ್ದ ಭಾವನಂತೂ ಈಗ ಆ ವಿಷಯ ಬಂದರೆ ಎದ್ದು ಒಳಗೆ ಹೋಗುತ್ತಾರೆ.

ಮೊನ್ನೆ ಗಣಪತಿಯ ತಾಯಿಗೇ ಏದುಸಿರು ಹತ್ತಿತು. ಅಭ್ಯಾಸಬಲ ನೋಡಿ, ಅವನು ಓಡಿಬಂದದ್ದು ಭಾವನ ಹತ್ತಿರವೇ. ಅಮ್ಮನನ್ನು ಕುಮಟೆಗೆ ಒಯ್ಯಲೋ ಕಾರವಾರಕ್ಕೋ ಎಂದು ಕೇಳಿದ. ಒಳಗೆ ಹೋಗಲೆಂದು ಎದ್ದ ಭಾವ ಹೊಸ್ತಿಲಲ್ಲಿ ತಿರುಗಿದರು.

"ನಂಗೆಂತ ಗೊತ್ತಿಲ್ಲ ಮಾರಾಯಾ," ಎಂದರು. "ಎಲ್ಲಿಗಾದ್ರೂ ಕರ್ಕೊಂಡು ಹೋಗು. ಮನೆ ಎದ್ರಿಂದ ಮಾತ್ರ ಮತ್ತೆ ಹಾದು ಹೋಗ್ಬೇಡ."