ಪಟಾಲಮ್ಮನ ವೋಟು

ನಮ್ಮ ಬಿನ್ನಿಪೇಟೆಯ ಫುಟ್‌ಬಾಲ್ ಕ್ಲಬ್ಬಿಗೆ ಮಾಲೀಕ ಅಂತ ಯಾರೂ ಇಲ್ಲ, ಸದಸ್ಯರೇ ಮಾಲೀಕರು. ಮೂವತ್ತು ವರ್ಷದಿಂದ ಸೆಕ್ರೆಟರಿ ದೊಡ್ಡಹನುಮಯ್ಯ. ಗೋಲ್‌ಕೀಪರ್ ಆಗಿದ್ದ ನನ್ನನ್ನು ಅವರು ಇವತ್ತಿಗೂ ‘ತೂತುಕೈ’ ಅಂತಲೇ ಕರೆಯುತ್ತಾರೆ. ಆದರೂ ಅವರೆಂದರೆ ನನಗೆ ಪ್ರಾಣ.

ಅವರದ್ದೊಂದು ಹಟ. ಸತ್ತ ಸದಸ್ಯರ ಹೆಸರನ್ನು ಪುಸ್ತಕದಿಂದ ತೆಗೆಯುವುದಿಲ್ಲ. ವರ್ಷಕ್ಕೊಮ್ಮೆ ಸಭೆಯಲ್ಲಿ ಹಾಜರಿ ಕೂಗುವಾಗ ಆ ಹೆಸರು ಬಂದರೆ, ಅವರ ಜೊತೆ ಆಡಿದ ಯಾರಾದರೂ “ಬಂದವ್ನೆ” ಅನ್ನಬೇಕು. ಹೊಸಬರು ಮುಸಿಮುಸಿ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ವರ್ಷ ಆ ಹಟವೇ ಕುತ್ತಿಗೆಗೆ ಬಂತು. ಲೀಗಿನಲ್ಲಿ ಉಳಿಯಬೇಕಾದರೆ ಆಟಗಾರರಿಗೆ ಸಂಬಳ ಕೊಡಬೇಕು, ಕೋಚ್ ಇಡಬೇಕು. ನಮ್ಮ ಚಂದಾದಲ್ಲಿ ಆಗುವ ಮಾತಲ್ಲ. ಕ್ಲಬ್ಬನ್ನು ಕೊಳ್ಳಲು ಒಂದು ಕಂಪನಿ ಮುಂದೆ ಬಂತು. ಆದರೆ ಪುಸ್ತಕದಲ್ಲಿರುವ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕು ಅನ್ನುವುದು ನಮ್ಮದೇ ನಿಯಮ. ಇದ್ದದ್ದು ನಲವತ್ತೆರಡು ಹೆಸರು. ಬೇಕಾದದ್ದು ಇಪ್ಪತ್ತೆಂಟು ವೋಟು. ಬದುಕಿದ್ದವರು ಇಪ್ಪತ್ತಮೂರು.

“ತೀರ್ಕೊಂಡವರ ಹೆಸರು ತೆಗೀಲೇಬೇಕು ಸಾರ್,” ಎಂದ ಕಂಪನಿಯ ವಕೀಲ ಆತ್ರೇಯ, ಮೆತ್ತಗೆ.

ಕಾಮಾಕ್ಷಿಪಾಳ್ಯದ ತಮ್ಮ ಮನೆಯಲ್ಲಿ, ನಮ್ಮೆದುರೇ, ದೊಡ್ಡಹನುಮಯ್ಯ ಸ್ಕೇಲು ಇಟ್ಟು ಒಂದೊಂದೇ ಹೆಸರಿಗೆ ಗೆರೆ ಎಳೆದರು. “ಸಿದ್ದಬಸಪ್ಪ. ಬರಿಗಾಲಲ್ಲೇ ಆಡ್ತಿದ್ದ, ಪುಣ್ಯಾತ್ಮ.” ಹೀಗೆ ಹದಿನೆಂಟು ಗೆರೆ. ಹತ್ತೊಂಬತ್ತನೆಯ ಹೆಸರು ಪಟಾಲಮ್ಮ, ಅವರ ಹೆಂಡತಿ. ಇಪ್ಪತ್ತು ವರ್ಷ ಇಡೀ ಟೀಮಿನ ಜರ್ಸಿ ಒಗೆದಿದ್ದಕ್ಕೆ ನಾವೇ ಅವರನ್ನು ಸದಸ್ಯೆ ಮಾಡಿದ್ದೆವು. ಕ್ಲಬ್ ಮಾರುವ ಮಾತು ಯಾರಾದರೂ ಎತ್ತಿದರೆ, “ನನ್ ಕೈಲಿ ಒಗೆಸ್ಕೊಂಡು ಇನ್ಯಾರಿಗೋ ಕೊಡ್ತೀರಾ?” ಎಂದು ಜಗಳಕ್ಕೇ ನಿಲ್ಲುತ್ತಿದ್ದರು.

ಪೆನ್ನು ಅಲ್ಲೇ ನಿಂತಿತು. ಮಗಳು ಸುಮಾ ಪಕ್ಕ ಬಂದು ಕೂತಳು.

“ಅಮ್ಮ ಇದ್ರೂ ಇಪ್ಪತ್ನಾಲ್ಕೇ ಹೆಸರು ಕಣಪ್ಪ. ಹದಿನಾರು ವೋಟು ಸಾಕು. ಇರ್ಲಿ ಬಿಡು.”

ಆತ್ರೇಯ ತಲೆ ತಗ್ಗಿಸಿ ಕೂತಿದ್ದ, ಬೇಡ ಅನ್ನಲಿಲ್ಲ. ಆ ಹೊತ್ತಿಗೆ ಅವನು ನನಗೆ ಇಷ್ಟವಾದ.

ಭಾನುವಾರ ಸಭೆ ಸೇರಿತು. ಹಾಜರಿ ಕೂಗುತ್ತಾ ದೊಡ್ಡಹನುಮಯ್ಯ “ಪಟಾಲಮ್ಮ” ಅಂದರು. ಈ ಸಲ ಹೊಸಬರೂ ಸೇರಿ ಎಲ್ಲರೂ ಕೂಗಿದೆವು: “ಬಂದವ್ರೆ!”

ಮಾರಾಟಕ್ಕೆ ಇಪ್ಪತ್ತಮೂರು ಕೈ ಎದ್ದವು. ಕೊನೆಗೆ ಎದ್ದದ್ದು ದೊಡ್ಡಹನುಮಯ್ಯನವರದು. ಕ್ಲಬ್ ಲೀಗಿನಲ್ಲಿ ಉಳಿಯಿತು. ಅವರು ಕನ್ನಡಕ ಒರೆಸಿಕೊಂಡು ನಡಾವಳಿ ಪುಸ್ತಕದಲ್ಲಿ ಬರೆದರು: ಪರ, ಇಪ್ಪತ್ತಮೂರು. ವಿರೋಧ, ಒಂದು.

“ವಿರೋಧ ಯಾರ್ದು ಸಾರ್?” ಎಂದ ಆತ್ರೇಯ.

“ನಮ್ಮನೆಯವ್ಳದು. ಅವ್ಳು ಯಾವತ್ತೂ ಒಪ್ಪಿರ್ಲಿಲ್ಲ ಕಣಪ್ಪ.”